ಕನ್ನಂಬಾಡಿ ಕಟ್ಟೆಯ ಹದಿನಾರು ಅಂಕಿ

14,00,32,46,97,667 ಲೀಟರ್, ಅದರ ಮೇಲೆ 584 ಮಿಲಿಲೀಟರ್. ಕೃಷ್ಣರಾಜಸಾಗರ 124.80 ಅಡಿ ಮುಟ್ಟಿದ ದಿನ ಕಟ್ಟೆಯ ಹಿಂದೆ ನಿಂತ ನೀರು ಇಷ್ಟು. ಮಳೆಗಾಲದಲ್ಲಿ ದಿನವೂ ಪತ್ರಿಕೆಯ ಮೂಲೆಯಲ್ಲಿ ಅಚ್ಚಾಗುವ ‘ಗರಿಷ್ಠ ಸಾಮರ್ಥ್ಯ 49.452 ಟಿಎಂಸಿ’ ಎಂಬ ಸಾಲನ್ನೇ ಲೀಟರಿಗೆ ಇಳಿಸಿದರೆ ಬರುವ ಲೆಕ್ಕವಿದು, ಎಲ್ಲಿಯೂ ದುಂಡಾಗಿಸಿಲ್ಲ. ಒಂದು ಲಕ್ಷದ ನಲವತ್ತು ಸಾವಿರದ ಮೂವತ್ತೆರಡು ಕೋಟಿ ಲೀಟರ್ ದಾಟಿದ ಮೇಲೂ ಅರ್ಧ ಲೀಟರಿನ ಚಿಲ್ಲರೆ ಎಣಿಸುವವರನ್ನು ಕಂಡರೆ ಶ್ರೀರಂಗಪಟ್ಟಣದ ಯಾವ ನೀರುಗಂಟಿಯಾದರೂ ನಕ್ಕಾನು. ನಗಲಿ. ಚಿಲ್ಲರೆ ಕೈಬಿಟ್ಟರೆ ಇಲ್ಲಿ ಬೇಕಾದ ಸಂಖ್ಯೆಯೇ ಕೆಟ್ಟುಹೋಗುತ್ತದೆ.

ಎಲ್ಲವನ್ನೂ ಮಿಲಿಲೀಟರಿನಲ್ಲಿ ಬರೆದರೆ ದಶಾಂಶದ ತಂಟೆ ಇಲ್ಲ: 1,40,03,24,69,76,67,584. ಹದಿನಾರು ಅಂಕಿ. ಕೊನೆಯಲ್ಲಿ 4 ಇರುವುದರಿಂದ ಎರಡರಿಂದ ಭಾಗವಾಗುತ್ತದೆ, ಅಲ್ಲಿಗೆ ಸಂಯುಕ್ತ ಸಂಖ್ಯೆಯೆಂಬುದು ಖಾತ್ರಿ. ಅಂಕಿಗಳ ಮೊತ್ತ 72, ಹಾಗಾಗಿ ಒಂಬತ್ತಕ್ಕೂ ಬಗ್ಗುತ್ತದೆ. ಇನ್ನು ಒಡೆಯಲಾಗದ ಹಂತದವರೆಗೆ ಒಡೆದರೆ ಸಿಗುವುದು ಹೀಗೆ:

2¹¹ × 3⁴ × 13 × 127³ × 317

ಐದೇ ಐದು ಅವಿಭಾಜ್ಯಗಳು. ಘಾತಗಳಿಗೆ ಒಂದೊಂದು ಕೂಡಿಸಿ ಗುಣಿಸಿದರೆ, ಅಂದರೆ 12 × 5 × 2 × 4 × 2, ಭಾಜಕಗಳ ಎಣಿಕೆ ಸಿಗುತ್ತದೆ: 960. ಈ ನೀರನ್ನು ಒಂದು ಮಿಲಿಲೀಟರೂ ಉಳಿಯದಂತೆ ಸಮಪಾಲು ಮಾಡುವ ವಿಧಾನಗಳು 960 ಉಂಟು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಂದು ನಾಲ್ಕೇ ತಾಲ್ಲೂಕಿಗೆ ಹಂಚಿದರೆ ತಲಾ 35,008 ಕೋಟಿ 11 ಲಕ್ಷದ 74 ಸಾವಿರದ 416 ಲೀಟರ್ 896 ಮಿಲಿಲೀಟರ್, ಶೇಷ ಸೊನ್ನೆ. ಮಂಡ್ಯ, ಮದ್ದೂರು, ಮಳವಳ್ಳಿಯವರೂ ಬಂದು ಕೂತು ಏಳು ಪಾಲಾದರೆ 3 ಮಿಲಿಲೀಟರ್ ಉಳಿಯುತ್ತದೆ. ಐದು ಪಾಲಂತೂ ಆಗುವುದೇ ಇಲ್ಲ, ಏಕೆಂದರೆ ಈ ಸಂಖ್ಯೆಯೊಳಗೆ ಐದರ ಸುಳಿವೇ ಇಲ್ಲ. ಹತ್ತು, ನೂರು, ಸಾವಿರಗಳಲ್ಲೇ ಲೆಕ್ಕ ಹಾಕುವ ಇಲಾಖೆಯ ಅಂಕಿಯೊಂದು ಐದನ್ನು ಕಳೆದುಕೊಂಡಿದ್ದು ಎಲ್ಲಿ?

ಟಿಎಂಸಿಯೊಳಗೆ. ಸಾವಿರ ಮಿಲಿಯನ್ ಘನ ಅಡಿ ಅಂದರೆ ನೂರು ಕೋಟಿ ಘನ ಅಡಿ. ಉದ್ದ ಸಾವಿರ ಅಡಿ, ಅಗಲ ಸಾವಿರ ಅಡಿ, ಆಳ ಸಾವಿರ ಅಡಿಯ ತೊಟ್ಟಿ ತುಂಬ ನೀರು. 8,600 ಅಡಿ ಉದ್ದದ ಕನ್ನಂಬಾಡಿ ಕಟ್ಟೆಯಲ್ಲಿ ನೀರು ಏರುವ ಮಟ್ಟಕ್ಕೆ ಎಂಟುಪಟ್ಟು ಆಳದ ತೊಟ್ಟಿ ಅದು. ಒಂದು ಅಡಿಗೆ 30.48 ಸೆಂಟಿಮೀಟರ್. ಲೀಟರ್ ಎಂಬುದು ಹತ್ತು ಸೆಂಟಿಮೀಟರ್ ಬದಿಯ ಘನ. ಸಾವಿರ ಅಡಿಯ ಬದಿಯುದ್ದಕ್ಕೆ ಅಂಥ ಘನಗಳು ಸರಿಯಾಗಿ 3048 ಕೂರುತ್ತವೆ. ಹಾಗಾಗಿ ಒಂದು ಟಿಎಂಸಿ ಎಂದರೆ 3048³ ಲೀಟರ್. ಗುಣಿಸಿ ನೋಡಿ: 28,31,68,46,592. ಇದು ಅಂದಾಜಲ್ಲ, ಪೂರ್ಣ ಘನ ಸಂಖ್ಯೆ. ‘2,831.7 ಕೋಟಿ ಲೀಟರ್’ ಎಂದು ದುಂಡಾಗಿಸಿ ಬರೆಯುವ ಅಭ್ಯಾಸದಲ್ಲಿ ಈ ಚೆಲುವು ಕಳೆದುಹೋಗಿದೆ.

3048 ಎಂದರೆ 8 × 3 × 127. ಘನ ಮಾಡಿದರೆ 2⁹ × 3³ × 127³. ಎಂಟೂ ಮೂರೂ ಎಲ್ಲೆಡೆ ಕಾಣುವಂಥವು, 127 ಎಂಬ ವಿಚಿತ್ರ ಅವಿಭಾಜ್ಯ ಬಂದದ್ದು ಅಂಗುಲದ ಜೊತೆ. 1959ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾಗಳು ಒಪ್ಪಿಕೊಂಡು ಅಂಗುಲವನ್ನು ಸರಿಯಾಗಿ 25.4 ಮಿಲಿಮೀಟರಿಗೆ ನಿಲ್ಲಿಸಿದವು. 254 ಎಂದರೆ 2 × 127. ಅಲ್ಲಿಂದಾಚೆಗೆ ಅಡಿಯಲ್ಲಿ ಅಳೆದದ್ದನ್ನು ಮೀಟರಿಗೆ ತಿರುಗಿಸಿದವರ ಪುಸ್ತಕದಲ್ಲೆಲ್ಲ 127 ಕೂತಿದೆ. ಘನ ಅಡಿ ಎಂದ ಮೇಲೆ ಮೂರು ಸಲ. ಹೇಮಾವತಿ, ಕಬಿನಿ, ಹಾರಂಗಿ, ಆಚೆ ತಮಿಳುನಾಡಿನ ಮೆಟ್ಟೂರು, ಯಾವ ಜಲಾಶಯವನ್ನು ಲೀಟರಿಗೆ ತಂದರೂ 127³ ತಪ್ಪದು. ಅಮೆರಿಕದ ಹಳೆಯ ಸರ್ವೆ ಅಡಿ ಮೀಟರಿಗೆ 39.37 ಅಂಗುಲ ಎಂಬ ಲೆಕ್ಕದ್ದು. 3937ನ್ನು ಒಡೆದರೆ 31 × 127, ಅಲ್ಲಿಯೂ ಇದರದೇ ಮುಖ.

ಕನ್ನಂಬಾಡಿಯದ್ದೇ ಎನ್ನಬಹುದಾದವು 13 ಮತ್ತು 317. 49,452ನ್ನು ಒಡೆದರೆ 2² × 3 × 13 × 317. ಈ ಎರಡನ್ನು ಎಷ್ಟು ನಂಬಬೇಕು ಎಂಬುದು ಬೇರೆ ಪ್ರಶ್ನೆ. ತುಂಬಿದಾಗ ಜಲಾಶಯದ ಹರವು ಸುಮಾರು 129 ಚದರ ಕಿಲೋಮೀಟರ್. ನೀರಿನ ಮಟ್ಟ ಒಂದು ಅಡಿಯ ನೂರರಲ್ಲೊಂದು ಭಾಗ, ಅಂದರೆ ಮೂರು ಮಿಲಿಮೀಟರ್, ಏರಿದರೂ 39 ಕೋಟಿ ಲೀಟರ್ ಸೇರುತ್ತದೆ. ಟಿಎಂಸಿಯಲ್ಲಿ ಅದು 0.0139. ಮಟ್ಟವನ್ನು 124.80 ಎಂದು ಎರಡೇ ದಶಾಂಶಕ್ಕೆ ಬರೆದಾಗ ಸಾಮರ್ಥ್ಯದ ಮೂರನೆಯ ದಶಾಂಶ ಅಳತೆಗೆ ಸಿಗುವುದಿಲ್ಲ. ಅದು ಅಳತೆಪಟ್ಟಿಯ ಒಂದು ಗೆರೆಗಿಂತ ಹದಿನಾಲ್ಕು ಪಟ್ಟು ಸಣ್ಣದು. 49.452ನ್ನು 49.45 ಎಂದು ಬರೆಯಿರಿ: 4,945 = 5 × 23 × 43. 317 ಮಾಯ, 13 ಮಾಯ, ಇಲ್ಲದಿದ್ದ ಐದು ಹಾಜರು. 49.5 ಎಂದರೆ 3² × 5 × 11. ದುಂಡಾಗಿಸುವುದು ಬೆಲೆಯನ್ನು ಕೂದಲೆಳೆಯಷ್ಟು ಕದಲಿಸುತ್ತದೆ, ಅಪವರ್ತನಗಳನ್ನು ಮಾತ್ರ ಬುಡಮೇಲು ಮಾಡುತ್ತದೆ. ಸಂಖ್ಯೆಯ ಗಾತ್ರಕ್ಕೂ ಅದರ ಒಳರಚನೆಗೂ ನಂಟು ಅಷ್ಟು ಕಡಿಮೆ. ಹದಿನಾರು ಅಂಕಿಯಲ್ಲಿ ನೀರಿನ ಬಗ್ಗೆ ನಿಜ ನುಡಿಯುವವು ಮೊದಲ ಮೂರೋ ನಾಲ್ಕೋ; ಉಳಿದವು ಅಂಗುಲದ ಒಪ್ಪಂದದ ಕತೆ ಹೇಳುತ್ತಿವೆ ಎಂದೇ ನನ್ನ ಎಣಿಕೆ.

ಒಂದು ತಮಾಷೆ ಮಾತ್ರ ಬಿಡಲಾಗದು. ಮೆಟ್ಟೂರಿನ ಸಾಮರ್ಥ್ಯ 93.470 ಟಿಎಂಸಿ. 93,470 = 2 × 5 × 13 × 719. ಕನ್ನಂಬಾಡಿಯ 49,452ಕ್ಕೂ ಇದಕ್ಕೂ ಮಹತ್ತಮ ಸಾಮಾನ್ಯ ಅಪವರ್ತನ 26. ಎರಡು ಜಲಾಶಯಗಳ ನಡುವೆ ವ್ಯಾಜ್ಯವಿಲ್ಲದೆ ಒಪ್ಪಿತವಾಗಿರುವುದು ಇಷ್ಟೇ ಇರಬೇಕು.

ನಾಲೆಯ ಭಾಷೆ ಕ್ಯೂಸೆಕ್. ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡ್. ಒಡೆದರೆ 2⁷ × 3³ × 5². ಒಂದು ದಿನದಲ್ಲಿ ಒಂದು ಟಿಎಂಸಿ ಹರಿಯಬೇಕಾದರೆ ಎಷ್ಟು ಕ್ಯೂಸೆಕ್ ಬಿಡಬೇಕು? 11,574.074074… ಎಂದು 074 ಮುಗಿಯದೆ ಬರುತ್ತಲೇ ಇರುತ್ತದೆ. ನೂರು ಕೋಟಿಯಲ್ಲಿ ಎರಡೂ ಐದೂ ಬಿಟ್ಟರೆ ಬೇರೇನೂ ಇಲ್ಲ, ದಿನದಲ್ಲಿರುವ 3³ ಹೊಡೆದುಹೋಗದೆ ಛೇದದಲ್ಲಿ ಉಳಿಯುತ್ತದೆ. ಮೂರಂಕಿಯ ಗುಂಪೇ ಮರುಕಳಿಸುವುದಕ್ಕೂ ಕಾರಣವಿದೆ: 27 × 37 = 999. ಮಂಡ್ಯದ ಸೀಮೆಯಲ್ಲಿ ‘ಹನ್ನೊಂದೂವರೆ ಸಾವಿರ ಕ್ಯೂಸೆಕ್ ಒಂದು ದಿನ ಬಿಟ್ಟರೆ ಒಂದು ಟಿಎಂಸಿ ಹೋಯಿತು’ ಎಂಬ ಬಾಯಿಲೆಕ್ಕದಲ್ಲಿ ಬಿಟ್ಟುಹೋಗುವುದು 74 ಕ್ಯೂಸೆಕ್ ಮತ್ತು ಆ ಮುಗಿಯದ ಬಾಲ. ನೆರೆ ಬಂದಾಗ ಲೆಕ್ಕ ಸಲೀಸು. ಹೊರಹರಿವು ಒಂದು ಲಕ್ಷ ಕ್ಯೂಸೆಕ್ ಮುಟ್ಟಿ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯ ಮೇಲೆ ಓಡಾಟ ನಿಲ್ಲಿಸಿದ ದಿನ, ಸರಿಯಾಗಿ 10,000 ಸೆಕೆಂಡಿಗೆ ಒಂದು ಟಿಎಂಸಿ ಕಟ್ಟೆ ದಾಟುತ್ತದೆ. ಎರಡು ಗಂಟೆ 46 ನಿಮಿಷ 40 ಸೆಕೆಂಡ್. ಒಳಹರಿವೇ ಇಲ್ಲದೆ ತುಂಬಿದ ಕಟ್ಟೆ ಆ ವೇಗದಲ್ಲಿ ಖಾಲಿಯಾಗಲು 5 ದಿನ 17 ಗಂಟೆ 22 ನಿಮಿಷ ಸಾಕು.

ನೀರು ಹೊಲಕ್ಕೆ ಬಂದರೆ ಗುಂಟೆ ಎದುರಾಗುತ್ತದೆ. ನನ್ನ ಮಟ್ಟಿಗೆ ಈ ಲೆಕ್ಕದ ಅತಿ ರಸವತ್ತಾದ ಭಾಗ ಇದೇ. ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ, ಸರ್ವೆಯವರ ಒಂದು ಚೈನಿನ ಚೌಕ. 1,089 ಚದರ ಅಡಿ. ನಲವತ್ತು ಗುಂಟೆಗೆ ಎಕರೆ, 43,560 ಚದರ ಅಡಿ, ಅಂದರೆ 2³ × 3² × 5 × 11². ಒಂದು ಚದರ ಅಡಿ ಗುಂಟೆಯ ಎಷ್ಟನೇ ಪಾಲು ಎಂದು 1ನ್ನು 1,089ರಿಂದ ಭಾಗಿಸುತ್ತ ಹೋದರೆ ಬರುವ ದಶಾಂಶ ಇದು:

0.00 09 18 27 36 45 54 63 72 81 91 00 09 18 27…

ಎರಡೆರಡು ಅಂಕಿ ಬಿಡಿಸಿ ಓದಿ. ಒಂಬತ್ತರ ಮಗ್ಗಿ. ಒಂಬತ್ತೊಂದಲ ಒಂಬತ್ತು, ಒಂಬತ್ತೆರಡಲ ಹದಿನೆಂಟು ಎಂದು 81ರವರೆಗೆ ನಡೆದು, 90 ಬರಬೇಕಾದಲ್ಲಿ ಮುಂದಿನ 99ರ ಹಿಂದಿನಿಂದ ತಳ್ಳಿಕೊಂಡು ಬಂದ ದಶಕದಿಂದ 91 ಆಗಿ, ಮತ್ತೆ ಸೊನ್ನೆಯಿಂದ ಶುರು. 22 ಅಂಕಿಯ ಆವರ್ತ. ಗುಟ್ಟು ಇಷ್ಟೇ: 1,089 ಎಂದರೆ 99 × 11, ಹಾಗಾಗಿ ಅದರ ವ್ಯುತ್ಕ್ರಮ 99ರ ವರ್ಗದಿಂದ 9ನ್ನು ಭಾಗಿಸಿದಂತೆ. ಮೂಲಸರ್ವೆಯಲ್ಲಿ ಜಮೀನಿನ ಮೇಲೆ ಚೈನು ಎಳೆದವರು ಇದನ್ನು ಯೋಚಿಸಿರಲಾರರು, ಆದರೂ ಪ್ರತಿ ಪಹಣಿಯ ಹಿಂದೆ ಒಂದು ಮಗ್ಗಿಪುಸ್ತಕವಿದೆ.

11² ಮಾಡುವ ಇನ್ನೊಂದು ಕಿತಾಪತಿ ಎಂದರೆ, ಟಿಎಂಸಿಯನ್ನು ಎಕರೆಗೆ ಹಂಚಿದಾಗ ಲೆಕ್ಕ ಎಂದೂ ಮುಗಿಯದು. ಒಂದು ಟಿಎಂಸಿ ನೀರು ಒಂದು ಅಡಿ ಎತ್ತರ ನಿಲ್ಲುವುದು 22,956.84… ಎಕರೆಯಲ್ಲಿ. ತುಂಬಿದ ಕಟ್ಟೆಯದ್ದು 11,35,261 ಎಕರೆ ಮತ್ತೊಂದಿಷ್ಟು. ಮಂಡ್ಯ ಜಿಲ್ಲೆಯ ವಿಸ್ತಾರ 4,961 ಚದರ ಕಿಲೋಮೀಟರ್, ಸುಮಾರು 12.26 ಲಕ್ಷ ಎಕರೆ. ಮೇಲುಕೋಟೆಯ ಬೆಟ್ಟವನ್ನೂ ಆದಿಚುಂಚನಗಿರಿಯನ್ನೂ ತಟ್ಟಿ ನೆಲಸಮ ಮಾಡಿ ಕಟ್ಟೆಯ ನೀರನ್ನೆಲ್ಲ ಜಿಲ್ಲೆಯ ಮೇಲೆ ಹರಡಿದರೆ ನಿಲ್ಲುವುದು 11 ಅಂಗುಲ, ಮೊಣಕಾಲ ಕೆಳಗೆ. ಇಷ್ಟಕ್ಕೆ ಎರಡು ರಾಜ್ಯ ಎದುರುಬದುರು ನಿಂತಿವೆ.

ಇನ್ನು ದುಡ್ಡಿನ ಲೆಕ್ಕ. ಒಂದು ಬೆಳೆ ಭತ್ತಕ್ಕೆ ನಾಲ್ಕು ಅಡಿ ನೀರು ಎಂದಿಟ್ಟುಕೊಳ್ಳೋಣ. ಎಕರೆಗೆ 49.34 ಲಕ್ಷ ಲೀಟರ್ ಆಯಿತು. ರಾಜ್ಯದಲ್ಲಿ 2000ದ ಜುಲೈನಲ್ಲಿ ಗೊತ್ತುಮಾಡಿದ ನೀರಿನ ದರ ಎಕರೆ ಭತ್ತಕ್ಕೆ 100 ರೂಪಾಯಿ, ಕಬ್ಬಿಗೆ 400. ಭತ್ತದ ಲೆಕ್ಕ ಹಿಡಿದರೆ ಒಂದು ಪೈಸೆಗೆ 493 ಲೀಟರ್. ಇದೇ ದರದಲ್ಲಿ ಕನ್ನಂಬಾಡಿ ಕಟ್ಟೆ ತುಂಬ ನೀರಿನ ಬೆಲೆ 2 ಕೋಟಿ 84 ಲಕ್ಷ ರೂಪಾಯಿ, ಬೆಂಗಳೂರಿನಲ್ಲಿ ಒಂದು ಒಳ್ಳೆಯ ಮನೆಗೆ ಸಾಲದು. ಅಂಗಡಿಯ ಬಾಟಲಿ ನೀರು ಲೀಟರಿಗೆ 20 ರೂಪಾಯಿ ಎಂದು ಹಿಡಿದರೆ ಅದೇ ಕಟ್ಟೆಯ ನೀರು 28 ಲಕ್ಷ ಕೋಟಿ. ಎರಡಕ್ಕೂ ನಡುವೆ ಇರುವುದು ಸುಮಾರು 9.87 ಲಕ್ಷ ಪಟ್ಟು. 1911ರಲ್ಲಿ ಕಟ್ಟೆಗೆ ಮಂಜೂರಾದ ಮೊದಲ ಅಂದಾಜು 81 ಲಕ್ಷ ರೂಪಾಯಿ. ಒಡೆದರೆ 2⁵ × 3⁴ × 5⁵, ಹದಿಮೂರೂ ಇಲ್ಲ, ನೂರ ಇಪ್ಪತ್ತೇಳೂ ಇಲ್ಲ. ಮನುಷ್ಯ ಕೂತು ಗೊತ್ತುಮಾಡಿದ ಮೊತ್ತಗಳೆಲ್ಲ ಹೀಗೆ ಸುಲಭವಾಗಿ ಒಡೆಯುವಂಥವು.

ಕೆ.ಆರ್. ಪೇಟೆ, ನಾಗಮಂಗಲದವರ ಕಣ್ಣು ಗೊರೂರಿನ ಕಡೆ. ಹೇಮಾವತಿಯ ಕಾಲುವೆ ನೀರು ಈ ಕಡೆ ಬರುವುದು ಅಲ್ಲಿಂದ. ಕೆ.ಆರ್. ಪೇಟೆಯಲ್ಲಿ ಹೇಮಗಿರಿ, ಮಂದಗೆರೆಯ ಹಳೆಯ ಅಣೆಕಟ್ಟೆಗಳೂ ಇದೇ ನದಿಯವು, ಮುಂದೆ ಅಂಬಿಗರಹಳ್ಳಿಯ ಸಂಗಮದಲ್ಲಿ ಕಾವೇರಿ, ಲಕ್ಷ್ಮಣತೀರ್ಥಗಳೊಡನೆ ಕೂಡಿ ಕನ್ನಂಬಾಡಿ ಹಿನ್ನೀರಿಗೆ ಸೇರುತ್ತದೆ. ಗೊರೂರಿನ ಸಾಮರ್ಥ್ಯ 37.103 ಟಿಎಂಸಿ, ಅಂದರೆ 10,50,63,99,59,102 ಲೀಟರ್ 976 ಮಿಲಿಲೀಟರ್. ಅದರ ಒಡಪು 2⁹ × 3³ × 11 × 127³ × 3,373. ಭಾಜಕ 640. ಕಬಿನಿಯ 19.52, ಹಾರಂಗಿಯ 8.5 ಸೇರಿಸಿದರೆ ಕಾವೇರಿ ಕೊಳ್ಳದ ನಾಲ್ಕು ಜಲಾಶಯಕ್ಕೆ 114.575 ಟಿಎಂಸಿ. 1,14,575 = 5² × 4,583. ಕೂಡಿಸಿದ ಕೂಡಲೇ, ಐದನ್ನು ಬಿಟ್ಟು, ನಾಲ್ಕು ಮನೆಯ ಅಪವರ್ತನಗಳೂ ಅಳಿಸಿಹೋಗಿ ಹೊಸ ಅವಿಭಾಜ್ಯವೊಂದು ತಲೆಯೆತ್ತುತ್ತದೆ. ಗುಣಾಕಾರದಲ್ಲಿ ಉಳಿಯುವುದು ಸಂಕಲನದಲ್ಲಿ ಉಳಿಯುವುದಿಲ್ಲ; ಸಂಖ್ಯಾಸಿದ್ಧಾಂತದ ಕಠಿಣ ಪ್ರಶ್ನೆಗಳೆಲ್ಲ ಸುಮಾರಾಗಿ ಈ ಸಂದಿಯಲ್ಲೇ ಹುಟ್ಟಿದವು.

ನ್ಯಾಯಾಲಯವೂ ಒಂದು ಅವಿಭಾಜ್ಯವನ್ನು ಹೆತ್ತಿದೆ. 2007ರ ಫೆಬ್ರುವರಿ 5ರಂದು ಕಾವೇರಿ ನ್ಯಾಯಮಂಡಳಿ ಕೊಟ್ಟ ಐತೀರ್ಪಿನ ಪ್ರಕಾರ ತಮಿಳುನಾಡಿನ ಗಡಿಯ ಬಿಳಿಗುಂಡ್ಲುವಿನಲ್ಲಿ ಹರಿಯಬೇಕಾದ ನೀರು ವರ್ಷಕ್ಕೆ 192 ಟಿಎಂಸಿ. 2⁶ × 3, ಹೇಗೆ ಬೇಕಾದರೂ ಪಾಲು ಮಾಡಬಹುದಾದ ಸಾಧು ಸಂಖ್ಯೆ. ಹನ್ನೆರಡು ತಿಂಗಳಿಗೆ ಸಮನಾಗಿ ಹಾಕಿದರೆ ತಲಾ 16. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚಿಸಿತು. ಬಿಳಿಗುಂಡ್ಲುವಿನ ಪಾಲು ನೂರ ಎಪ್ಪತ್ತೇಳೂಕಾಲಿಗೆ ಇಳಿಯಿತು. 177.25 ಎಂದರೆ ಕಾಲು ಟಿಎಂಸಿಯ 709 ಭಾಗ, ಮತ್ತು 709 ಅವಿಭಾಜ್ಯ. ಕಾಲು ಕಾಲಾಗಿ ಎಣಿಸಿದರೆ ಒಂದೇ ಗುಡ್ಡೆ ಇಲ್ಲವೇ 709 ಗುಡ್ಡೆ, ನಡುವೆ ಬೇರೆ ಸಮಪಾಲಿಲ್ಲ. ತಿಂಗಳ ಪಟ್ಟಿಯಲ್ಲಿ ಸಮಪಾಲು ಮೊದಲಿನಿಂದಲೂ ಇರಲಿಲ್ಲವೆನ್ನಿ. ಜೂನ್ 9.19, ಜುಲೈ 31.24, ಆಗಸ್ಟ್ 45.95, ಸೆಪ್ಟೆಂಬರ್ 36.76, ಅಕ್ಟೋಬರ್ 20.22, ನವೆಂಬರ್ 13.78, ಡಿಸೆಂಬರ್ 7.35, ಜನವರಿ 2.76, ಫೆಬ್ರುವರಿಯಿಂದ ಮೇವರೆಗೆ ತಿಂಗಳಿಗೆ ಎರಡೂವರೆ. ಕೂಡಿ ನೋಡಿ, 177.25 ಸರಿಬರುತ್ತದೆ. ಕರ್ನಾಟಕದ ಒಟ್ಟು ಪಾಲು 284.75, ಕಾಲುಗಳಲ್ಲಿ 1,139, ಅದು 17 × 67. ತಮಿಳುನಾಡಿನ 404.25 ಕಾಲುಗಳಲ್ಲಿ 1,617, ಅದು 3 × 7² × 11. ಸಾಮಾನ್ಯ ಅಪವರ್ತನ ಒಂದನ್ನು ಬಿಟ್ಟರೆ ಇಲ್ಲ.

ಟಿಎಂಸಿಗೇ ಹಿಂತಿರುಗಿ, ಒಂದು ಘನ ಅಡಿ ಮಾತ್ರ ಆಚೀಚೆ ಮಾಡೋಣ. ನೂರು ಕೋಟಿ ಘನ ಅಡಿ: 2⁹ × 5⁹, ನೂರು ಭಾಜಕ. ಒಂದು ಘನ ಅಡಿ ತೆಗೆದರೆ 99,99,99,999: 3⁴ × 37 × 3,33,667. ಒಂದು ಹಾಕಿದರೆ 1,00,00,00,001: 7 × 11 × 13 × 19 × 52,579. ಅಕ್ಕಪಕ್ಕದ ಮೂರು ಸಂಖ್ಯೆ, ಯಾರಿಗೂ ಯಾರೂ ನೆಂಟರಲ್ಲ. ಈ ಕೊನೆಯದು ಕನ್ನಡನಾಡಿಗೆ ಹಳೆಯ ಪರಿಚಯ. ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ, ಕೊರಳ ಹಾರದಂಥ ಗುಣಲಬ್ಧಗಳಿವೆ. ಅವುಗಳಲ್ಲೊಂದು 14,28,57,143 × 7. ಉತ್ತರ 1,00,00,00,001. ಎರಡು ತುದಿಗೆ ಒಂದೊಂದು ಮಣಿ, ನಡುವೆ ಎಂಟು ಸೊನ್ನೆ. ಒಂದು ಟಿಎಂಸಿ ಮತ್ತು ಒಂದು ಘನ ಅಡಿ. ಅದೇ ಪುಸ್ತಕದಲ್ಲಿ ಸ್ಥಾನಗಳ ಹೆಸರು ಏಕದಿಂದ ಮಹಾಕ್ಷೋಭದವರೆಗೆ 24. ಕನ್ನಂಬಾಡಿಯ ಹದಿನಾರು ಅಂಕಿ ಹೇಳಿ ಮುಗಿದ ಮೇಲೂ ಅಲ್ಲಿ ಎಂಟು ಸ್ಥಾನ ಮಿಗುತ್ತವೆ.

ಇಷ್ಟೆಲ್ಲ ಒಡೆಯಲು ತಗಲುವ ಖರ್ಚೆಷ್ಟು? ಹದಿನಾರು ಅಂಕಿಯ ನಮ್ಮ ಸಂಖ್ಯೆಯ ವರ್ಗಮೂಲ ಸುಮಾರು 3.74 ಕೋಟಿ. ಹೊಟ್ಟೆಯಲ್ಲಿ ಏನಿದೆಯೆಂದು ತಿಳಿಯದೆ 2, 3, 5, 7 ಎಂದು ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತ ಹೊರಟವನಿಗೆ, ಕೆಟ್ಟ ಅದೃಷ್ಟವಿದ್ದರೆ, 22 ಲಕ್ಷಕ್ಕೂ ಹೆಚ್ಚು ಅವಿಭಾಜ್ಯಗಳನ್ನು ಪರೀಕ್ಷಿಸಬೇಕಾದೀತು. ಒಂದಕ್ಕೆ ಒಂದು ನಿಮಿಷವೆಂದರೆ ಊಟ ನಿದ್ದೆ ಬಿಟ್ಟು ನಾಲ್ಕು ವರ್ಷಕ್ಕೂ ಮೇಲೆ. ಕನ್ನಂಬಾಡಿಯ ಸಂಖ್ಯೆಗೆ ಆ ಗತಿಯಿಲ್ಲ. ಮೊದಲ 31 ಅವಿಭಾಜ್ಯಗಳನ್ನು, ಅಂದರೆ 127ರವರೆಗೆ, ಮುಗಿಸುವಷ್ಟರಲ್ಲಿ ಉಳಿಯುವುದು 317 ಮಾತ್ರ. 317ರ ವರ್ಗಮೂಲ 18ಕ್ಕಿಂತ ಕಡಿಮೆ, ಅಲ್ಲಿಗೆ ಅದು ಅವಿಭಾಜ್ಯವೆಂದು ತೀರ್ಮಾನ. ಪಾಂಡವಪುರದ ಹೈಸ್ಕೂಲಿನ ಹುಡುಗಿಯೊಬ್ಬಳು ಒಂದು ಪೀರಿಯಡ್ಡಿನಲ್ಲಿ ಕಾಗದದ ಮೇಲೆ ಮುಗಿಸಬಹುದಾದ ಕೆಲಸ. ಅಡಿ, ಅಂಗುಲ, ಸಾವಿರ ಎಂಬ ಸಣ್ಣ ತುಂಡುಗಳನ್ನು ಜೋಡಿಸಿ ಕಟ್ಟಿದ್ದರಿಂದ ಒಡೆಯುವುದೂ ಸುಲಭ.

ಎದುರು ಉದಾಹರಣೆಗೆ 127ರ ಬಂಧುವೊಂದನ್ನೇ ಹಿಡಿಯಬಹುದು. 127 ಎಂದರೆ 2⁷ − 1. ಫ್ರಾನ್ಸಿನ ಪಾದ್ರಿ ಮರ್ಸೆನ್ 1644ರಲ್ಲಿ ಇಂಥ ಅವಿಭಾಜ್ಯಗಳ ಪಟ್ಟಿ ಕೊಟ್ಟಾಗ 2⁷ − 1 ಜೊತೆಗೆ 2⁶⁷ − 1 ಕೂಡ ಸೇರಿಸಿದ್ದ. ಮೊದಲನೆಯದು ಸರಿ. ಎರಡನೆಯದು ಸಂಯುಕ್ತವೆಂದು 1876ರಲ್ಲಿ ಲ್ಯೂಕಸ್ ಸಾಧಿಸಿದ, ಆದರೆ ಅಪವರ್ತನ ಯಾವುದೆಂದು ಅವನಿಗೂ ಸಿಗಲಿಲ್ಲ. ಒಡೆಯುತ್ತದೆಂದು ಗೊತ್ತು, ಎಲ್ಲಿ ಒಡೆಯುತ್ತದೆಂದು ಗೊತ್ತಿಲ್ಲ. ಹೀಗೇ 27 ವರ್ಷ. 1903ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಗಣಿತ ಸಭೆಯಲ್ಲಿ ಎಫ್.ಎನ್. ಕೋಲ್ ಬೋರ್ಡಿನ ಮೇಲೆ 19,37,07,721 × 7,61,83,82,57,287 ಎಂದು ಗುಣಿಸಿ ತೋರಿಸಿ, ಒಂದು ಮಾತೂ ಆಡದೆ ಹೋಗಿ ಕೂತನಂತೆ. ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿದವರಿಗೆ ಮೂರು ವರ್ಷದ ಭಾನುವಾರಗಳು ಎಂದನೆಂಬ ಕತೆಯಿದೆ. ಆ ಸಂಖ್ಯೆಗೆ ಇದ್ದದ್ದು 21 ಅಂಕಿ, ಕನ್ನಂಬಾಡಿಗಿಂತ ಐದು ಹೆಚ್ಚು.

ಈ ಕಷ್ಟವನ್ನೇ ಬೀಗವಾಗಿಸಿದವರು ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್, 1977ರಲ್ಲಿ. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸಿ, ಗುಣಲಬ್ಧವನ್ನು ಊರಿಗೆಲ್ಲ ತೋರಿಸಿ, ಅಪವರ್ತನಗಳನ್ನು ಬಚ್ಚಿಟ್ಟುಕೊಳ್ಳುವುದು. ಅವರು ಅಂದು ಸವಾಲಾಗಿ ಕೊಟ್ಟ 129 ಅಂಕಿಯ ಸಂಖ್ಯೆಗೆ ಬಹುಮಾನ 100 ಡಾಲರ್. 1994ರಲ್ಲಿ ಸುಮಾರು 600 ಸ್ವಯಂಸೇವಕರು 1,600 ಯಂತ್ರಗಳನ್ನು ಹೂಡಿ ಒಡೆದರು. 250 ಅಂಕಿಯದ್ದು ಒಡೆದದ್ದು 2020ರ ಫೆಬ್ರುವರಿಯಲ್ಲಿ. ಒಂದೇ ಪ್ರೊಸೆಸರ್ ಕೋರ್ ದುಡಿದಿದ್ದರೆ ಅದಕ್ಕೆ 2,700 ವರ್ಷ ಬೇಕಿತ್ತು. ಡಿಜಿಟಲ್ ಸಹಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು 2,048 ಬಿಟ್‌ನದು, 617 ಅಂಕಿ. ತಾಲ್ಲೂಕು ಕಚೇರಿಯ ಸಾಲಿನಲ್ಲಿ ನಿಲ್ಲದೆ ಮೊಬೈಲಿನಲ್ಲೇ ಇಳಿಸಿಕೊಳ್ಳುವ ಪಹಣಿಯ ಮೇಲೂ ಡಿಜಿಟಲ್ ಸಹಿಯಿರುತ್ತದೆ. ಅದರಲ್ಲಿ ಬರೆದಿರುವುದು ಇಂತಿಷ್ಟು ಎಕರೆ, ಇಂತಿಷ್ಟು ಗುಂಟೆ, ನಲವತ್ತರ ಮತ್ತು ಮೂವತ್ತಮೂರರ ಸಾಧು ಲೆಕ್ಕ. ಅದನ್ನು ತಿದ್ದದಂತೆ ಕಾಯುವ ಕೆಲಸಕ್ಕೆ ಮಾತ್ರ ಒಡೆಯದ ಸಂಖ್ಯೆಯೇ ಬೇಕು. 617 ಅಂಕಿಯ ಸವಾಲಿಗೆ ಒಮ್ಮೆ ಎರಡು ಲಕ್ಷ ಡಾಲರ್ ಬಹುಮಾನವಿತ್ತು. 2007ರಲ್ಲಿ ಬಹುಮಾನ ಹಿಂತೆಗೆದುಕೊಂಡರು, ಸಂಖ್ಯೆ ಒಡೆದಿಲ್ಲ.